ಮುಳುಗಿದ್ರ ಎಷ್ಟು ಮುಳುಗ್ತದ? ಫೈನಾನ್ಸ್ ಓದೋರಿಗೆ ಒಂದು ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲಿ ಕೂತವರಿಗೂ, ಹೊಲದ ಬದುವಿನ ಮೇಲೆ ಕೂತು ಕೇಳೋರಿಗೂ, ಕೇಳೋಕೆ ಆಗದೆ ಇಲ್ಲಿ ಓದ್ತಾ ಇರೋರಿಗೂ ಸ್ವಾಗತ.

ಇವತ್ತಿನ ಎಪಿಸೋಡ್‌ಗೆ ಕಾರಣ ಒಂದು ವಾಯ್ಸ್ ಮೆಸೇಜ್. ಕಳಿಸಿದವನು ನಮ್ಮೂರು ಕೊಡಂಬಲದ ಹುಡುಗ, ಬಿ.ಕಾಂ. ಕೊನೆ ಸೆಮಿಸ್ಟರ್. ಹೆಸರು ಹೇಳಬೇಡ ಅಂದಿದ್ದಾನೆ, ಹೇಳೋದಿಲ್ಲ. ಅವನ ಮಾತು ಹಿಂಗಿತ್ತು:

"ಅಣ್ಣಾ, ಎಂ.ಕಾಂ. ಮಾಡ್ಲೋ, ಎಂ.ಬಿ.ಎ. ಫೈನಾನ್ಸ್ ಮಾಡ್ಲೋ ತಿಳೀಲತ್ತಿಲ್ಲ. ಆನ್‌ಲೈನ್‌ದಾಗ ಒಂದು ಆಪ್ಶನ್ ಟ್ರೇಡಿಂಗ್ ಕೋರ್ಸ್ ಅದ, ಮೂವತ್ತೈದು ಸಾವಿರ. ಎರಡು ವರ್ಷ ಓದಿ ಹದಿನೈದು ಸಾವಿರದ ನೌಕರಿ ಹುಡುಕೋದಕ್ಕಿಂತ ಇದೇ ಚಲೋ ಅಲ್ಲೇನು? ಐತವಾರದೊಳಗ ಕಟ್ಟಬೇಕಂತ. ಅಪ್ಪ ಸೋಯಾ ಮಾರಿದ ರೊಕ್ಕ ಮನ್ಯಾಗೇ ಅದ."

ಈ ಮೆಸೇಜ್ ನಾನು ಮೂರು ಸಲ ಕೇಳಿದೆ. ಉತ್ತರ ಗೊತ್ತಿಲ್ಲ ಅಂತಲ್ಲ. "ಸೋಯಾ ಮಾರಿದ ರೊಕ್ಕ ಮನ್ಯಾಗೇ ಅದ" ಅನ್ನೋ ಮಾತು ನಾನೂ ಒಂದು ಕಾಲಕ್ಕೆ ಮನಸ್ಸಿನಲ್ಲಿ ಅಂದ್ಕೊಂಡಿದ್ದೆ. ಅದಕ್ಕೆ ಮೊದಲು ನನ್ನ ಕಥೆ ಹೇಳಿ, ಆಮೇಲೆ ಅವನ ಪ್ರಶ್ನೆಗೆ ಬರ್ತೀನಿ.

ನನ್ನ ಲೆಕ್ಕ

ನಾನು ಬಿ.ಕಾಂ. ಮುಗಿಸಿ ಹೈದರಾಬಾದ್‌ನಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಅಕೌಂಟ್ಸ್ ಕೆಲಸ ಮಾಡ್ತಿದ್ದೆ. ಲಾಕ್‌ಡೌನ್‌ನಲ್ಲಿ ಕೆಲಸ ಹೋಯ್ತು, ಊರಿಗೆ ಬಂದೆ. 2021ರಲ್ಲಿ ಫೋನಿನಲ್ಲೇ ಡಿಮ್ಯಾಟ್ ಅಕೌಂಟ್ ತೆಗೆದೆ. ಮೊದಲ ಮೂರು ವಾರದಲ್ಲಿ ಆರು ಸಾವಿರ ಲಾಭ. ಆ ಆರು ಸಾವಿರವೇ ನನ್ನನ್ನು ಕೆಡಿಸಿದ್ದು.

ನನ್ನ ಉಳಿತಾಯ 85 ಸಾವಿರ ಹಾಕಿದೆ. ಅದು ಕರಗೋಕೆ ಶುರುವಾದಾಗ, ತಂಗಿ ಬಿ.ಇಡಿ. ಫೀಸಿಗೆ ಅಂತ ಅಪ್ಪ ನನ್ನ ಕೈಲಿ ಕೊಟ್ಟಿದ್ದ 60 ಸಾವಿರವನ್ನೂ ಹಾಕಿದೆ. "ವಾಪಸ್ ತೆಗೀತೀನಿ, ಯಾರಿಗೂ ಗೊತ್ತಾಗಲ್ಲ" ಅಂತ. ಗುರುವಾರ ಬಂದ್ರೆ ಎಕ್ಸ್‌ಪೈರಿ. ಒಂದೇ ಗುರುವಾರ ಮಧ್ಯಾಹ್ನ 38 ಸಾವಿರ ಹೋಯ್ತು. ಐದು ತಿಂಗಳ ಕೊನೆಗೆ ಅಕೌಂಟ್‌ನಲ್ಲಿ ಉಳಿದಿದ್ದು 11 ಸಾವಿರ.

ತಂಗಿ ಆ ವರ್ಷ ಅಡ್ಮಿಷನ್ ಮಾಡಲಿಲ್ಲ. ಅವಳು ನನ್ನ ಜೊತೆ ಜಗಳ ಕೂಡ ಮಾಡಲಿಲ್ಲ, ಅದು ಇನ್ನೂ ಕಷ್ಟ ಆಯ್ತು. ಅಪ್ಪ ಬೈತಾರೆ ಅಂತ ಕಾದೆ. ಅವರು ಬೈಯಲಿಲ್ಲ, ಒಂದೇ ಮಾತು ಕೇಳಿದರು: "ಮುಳುಗಿದ್ರ ಎಷ್ಟು ಮುಳುಗ್ತದಂತ ಮೊದ್ಲೇ ಲೆಕ್ಕ ಹಾಕಿದ್ದೇನು?"

ಹಾಕಿರಲಿಲ್ಲ. ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಪೇಪರ್‌ನಲ್ಲಿ ನನಗೆ 78 ಬಂದಿತ್ತು. ಸ್ಟ್ಯಾಂಡರ್ಡ್ ಡೀವಿಯೇಶನ್ ಸೂತ್ರ ನಿದ್ದೆಗಣ್ಣಲ್ಲೂ ಬರೀತಿದ್ದೆ. ಆದ್ರೆ ಆರನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪ ಕೇಳಿದ ಪ್ರಶ್ನೆಯನ್ನ ನಾನು ನನಗೇ ಕೇಳ್ಕೊಂಡಿರಲಿಲ್ಲ. ರಿಸ್ಕ್ ಮ್ಯಾನೇಜ್‌ಮೆಂಟ್ ಅನ್ನೋ ಇಡೀ ವಿಷಯದ ಮೊದಲ ಪ್ರಶ್ನೆಯೇ ಅದು. ಎಷ್ಟು ಬರಬಹುದು ಅನ್ನೋದು ಆಮೇಲಿನ ಮಾತು.

ನಾನೊಬ್ಬನೇ ಅಲ್ಲ ಅಂತ ಗೊತ್ತಾಗಿದ್ದು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಅಧ್ಯಯನದಿಂದ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ಮಂದಿ ನಷ್ಟ ಮಾಡ್ಕೊಂಡಿದ್ದಾರೆ. ಎಲ್ಲರದ್ದೂ ಸೇರಿ ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟ್ತದೆ. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ನೂರಕ್ಕೆ ಒಬ್ಬರು. 2023-24ರಲ್ಲಿ ಟ್ರೇಡ್ ಮಾಡಿದವರಲ್ಲಿ 43 ಪರ್ಸೆಂಟ್ ಮೂವತ್ತು ವರ್ಷದೊಳಗಿನವರು, ನೂರಕ್ಕೆ 75ಕ್ಕಿಂತ ಹೆಚ್ಚು ಜನ ವರ್ಷಕ್ಕೆ ಐದು ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು, 72 ಪರ್ಸೆಂಟ್ ದೊಡ್ಡ ಮೂವತ್ತು ಊರುಗಳ ಹೊರಗಿನವರು. ಅಂದ್ರೆ ನಾವೇ ರೀ.

ಅದೇ 2023-24ರಲ್ಲಿ ಸ್ವಂತ ದುಡ್ಡಿನಲ್ಲಿ ಟ್ರೇಡ್ ಮಾಡುವ ಕಂಪನಿಗಳು ಸುಮಾರು 33 ಸಾವಿರ ಕೋಟಿ, ವಿದೇಶಿ ಹೂಡಿಕೆದಾರರು ಸುಮಾರು 28 ಸಾವಿರ ಕೋಟಿ ಲಾಭ ಮಾಡಿದರು, ಹೆಚ್ಚಿನದು ಕಂಪ್ಯೂಟರ್ ಪ್ರೋಗ್ರಾಂಗಳ ಮೂಲಕ. ಎದುರಿಗೆ ಕೂತಿರೋದು ಯಾರು ಅಂತ ಇದರಿಂದ ತಿಳ್ಕೊಳ್ಳಿ.

ಸಂಚಕಾರ

ಆಪ್ಶನ್ ಅಂದ್ರೆ ಏನು ಅಂತ ಕೋರ್ಸ್ ಮಾರೋರು ಸುತ್ತಿ ಬಳಸಿ ಹೇಳ್ತಾರೆ. ನಮ್ಮ ಕಡೆ ಅದಕ್ಕೆ ಹಳೆಯ ಪದ ಇದೆ: ಸಂಚಕಾರ.

ಒಂದು ಎಕರೆ ಹೊಲ 10 ಲಕ್ಷಕ್ಕೆ ಮಾತಾಯ್ತು ಅಂದ್ಕೊಳ್ಳಿ. ನೀವು 20 ಸಾವಿರ ಸಂಚಕಾರ ಕೊಟ್ರಿ. ಮೂರು ತಿಂಗಳ ವಾಯಿದೆ. ಅಷ್ಟರಲ್ಲಿ ಪಕ್ಕದಲ್ಲಿ ರಸ್ತೆ ಬಂದು ರೇಟು 12 ಲಕ್ಷ ಆದ್ರೆ, ನಿಮಗೆ 10ಕ್ಕೇ ಸಿಗ್ತದೆ. ರೇಟು ಇಳಿದು ನೀವು ಕೊಳ್ಳದೇ ಬಿಟ್ರೆ, 20 ಸಾವಿರ ಮುಳುಗ್ತದೆ. ಕಾಲ್ ಆಪ್ಶನ್ ಅಂದ್ರೆ ಇಷ್ಟೇ. ಸಂಚಕಾರವೇ ಪ್ರೀಮಿಯಂ, 10 ಲಕ್ಷವೇ ಸ್ಟ್ರೈಕ್ ಪ್ರೈಸ್, ವಾಯಿದೆಯೇ ಎಕ್ಸ್‌ಪೈರಿ.

ಹೊಲ ನಿಜವಾಗ್ಲೂ ಬೇಕಾದವನಿಗೆ ಇದು ಒಳ್ಳೆ ಸಾಧನ. ನಾನು ಮಾಡಿದ್ದು ಏನು? ವಾರಕ್ಕೊಂದು ಹೊಲಕ್ಕೆ ಸಂಚಕಾರ ಕೊಡ್ತಾ ಹೋದೆ. ಒಂದು ಹೊಲವೂ ನನಗೆ ಬೇಕಾಗಿರಲಿಲ್ಲ. ವಾಯಿದೆ ಮೂರು ತಿಂಗಳಲ್ಲ, ಮೂರು ದಿನ. ಪ್ರತಿ ಸಲ ಬ್ರೋಕರೇಜ್, ತೆರಿಗೆ ಬೇರೆ. 2023-24ರಲ್ಲಿ ಈ ಖರ್ಚೇ ಒಬ್ಬೊಬ್ಬರಿಗೆ ಸರಾಸರಿ 26 ಸಾವಿರ ಆಗಿತ್ತು ಅಂತ ಸೆಬಿ ಲೆಕ್ಕ ಹೇಳ್ತದೆ. ಪದದ ಇನ್ನೊಂದು ಅರ್ಥವೂ ನಿಮಗೆ ಗೊತ್ತು, 'ಜೀವಕ್ಕೆ ಸಂಚಕಾರ ಬಂತು' ಅಂತೀವಲ್ಲ, ಅದೇ.

ಇನ್ನೊಂದು ಲೆಕ್ಕ ಬಾಯಿಪಾಠ ಮಾಡ್ಕೊಳ್ಳಿ. ಒಂದು ಲಕ್ಷ 20 ಪರ್ಸೆಂಟ್ ಇಳಿದ್ರೆ 80 ಸಾವಿರ. ಮತ್ತೆ ಲಕ್ಷ ಆಗಬೇಕಂದ್ರೆ 25 ಪರ್ಸೆಂಟ್ ಏರಬೇಕು. ಅರ್ಧ ಹೋದ್ರೆ? 100 ಪರ್ಸೆಂಟ್ ಏರಬೇಕು. ಕಳ್ಕೊಂಡಷ್ಟು ವಾಪಸ್ ಬರೋದು ಕಳ್ಕೊಳ್ಳೋದಕ್ಕಿಂತ ಯಾವಾಗ್ಲೂ ಕಷ್ಟ. ನಾನು "ವಾಪಸ್ ತೆಗೀತೀನಿ" ಅಂದಾಗ ಈ ಲೆಕ್ಕ ಮಾಡಿರಲಿಲ್ಲ.

ಅಪ್ಪನ ಪೋರ್ಟ್‌ಫೋಲಿಯೊ

ಆ ವರ್ಷ ನಾನು ಅಪ್ಪನ ಜೊತೆ ಹೊಲಕ್ಕೆ ಹೋಗೋಕೆ ಶುರು ಮಾಡಿದೆ. ಆರು ಎಕರೆ. ಮೂರು ಎಕರೆ ಸೋಯಾ. ಎರಡು ಎಕರೆ ತೊಗರಿ, ನಡುನಡುವೆ ಹೆಸರು, ಉದ್ದು. ಒಂದು ಎಕರೆ ಹಿಂಗಾರಿ ಜೋಳಕ್ಕೆ ಖಾಲಿ. ಆರಕ್ಕೆ ಆರೂ ಸೋಯಾ ಹಾಕಿದ್ರೆ ರೇಟು ಬಂದ ವರ್ಷ ಕೈತುಂಬ ರೊಕ್ಕ ಅಲ್ಲೇನು ಅಂತ ಕೇಳಿದೆ. ಅಪ್ಪ ಅಂದ್ರು: "ರೇಟು ಬರಲಿಲ್ಲಂದ್ರ ಉಣ್ಣೋದು ಏನು, ಸೋಯಾನ?"

ಕಾಲವನ್ನೂ ನೋಡಿ. ಹೆಸರು, ಉದ್ದು ಗಣೇಶ ಚೌತಿ ಹೊತ್ತಿಗೆ ಕೈಗೆ ಬರ್ತವೆ. ಸೋಯಾ ದಸರಾ-ದೀಪಾವಳಿಗೆ. ತೊಗರಿ ಸಂಕ್ರಾಂತಿಗೆ. ಒಂದಾದ ಮೇಲೊಂದು ರೊಕ್ಕ ಬರ್ತದೆ, ಸಾಲ ಮಾಡೋ ತಿಂಗಳು ಕಡಿಮೆ ಆಗ್ತವೆ. ಬೆಳೆ ಹಂಚೋದಕ್ಕೆ ಪುಸ್ತಕದಲ್ಲಿ ಡೈವರ್ಸಿಫಿಕೇಶನ್ ಅಂತಾರೆ, ಬೇಕಾದಾಗ ಕೈಯಲ್ಲಿ ರೊಕ್ಕ ಇರೋದಕ್ಕೆ ಲಿಕ್ವಿಡಿಟಿ ಅಂತಾರೆ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಇದನ್ನ ಗಣಿತದಲ್ಲಿ ಬರೆದರು, 1990ರಲ್ಲಿ ಅವರಿಗೆ ನೊಬೆಲ್ ಸಿಕ್ತು.

ಹಾಗಾದ್ರೆ ಯೂನಿವರ್ಸಿಟಿ ಯಾಕೆ ಬೇಕು, ಅಪ್ಪನಿಗೆ ಎಲ್ಲ ಗೊತ್ತಲ್ಲ ಅಂತ ಕೇಳಬಹುದು. ಹಾಗಲ್ಲ. ಅಪ್ಪನಿಗೆ ರಿಸ್ಕ್ ಇದೆ ಅಂತ ಗೊತ್ತು. ಅದನ್ನ ಅಳೆಯೋದು ಗೊತ್ತಿಲ್ಲ. ಅಳತೆ ಕಲಿಸೋದು ಓದು.

ಒಂದು ಉದಾಹರಣೆ. ಎರಡು ಹೊಲ. ಮೊದಲನೇದು ನಾಲ್ಕು ವರ್ಷವೂ ಎಕರೆಗೆ 8 ಕ್ವಿಂಟಲ್ ಕೊಡ್ತು. ಎರಡನೇದು 14, 2, 13, 3. ಎರಡರ ಸರಾಸರಿಯೂ 8. ಆದ್ರೆ ಎರಡನೇ ಹೊಲದವನು 2 ಕ್ವಿಂಟಲ್ ಬಂದ ವರ್ಷ ಬಡ್ಡಿಗೆ ಸಾಲ ತಂದಿರ್ತಾನೆ, 13 ಬಂದ ವರ್ಷ ಆ ಬಡ್ಡಿಗೇ ಕೊಟ್ಟಿರ್ತಾನೆ. ಸರಾಸರಿ ಒಂದೇ, ಬದುಕು ಬೇರೆ. ಈ ಏರಿಳಿತವನ್ನ ಒಂದೇ ಅಂಕಿಯಲ್ಲಿ ಹೇಳೋದೇ ಸ್ಟ್ಯಾಂಡರ್ಡ್ ಡೀವಿಯೇಶನ್. ಶಾಲೆಯಲ್ಲಿ 'ಮಾನಕ ವಿಚಲನೆ' ಅಂತ ಓದಿ ಮರೆತಿದ್ವಲ್ಲ, ಅದೇ. ನನಗೆ ಕ್ಲಾಸಿನಲ್ಲಿ ಯಾರಾದ್ರೂ ಇದನ್ನ ಹೊಲದ ಲೆಕ್ಕದಲ್ಲಿ ಹೇಳಿದ್ರೆ, 78ರ ಬದಲು 60 ಬಂದಿದ್ರೂ ಪರವಾಗಿರಲಿಲ್ಲ ಅನಿಸ್ತದೆ.

ಎಲ್ಲ ಒಟ್ಟಿಗೆ ಮುಳುಗಿದಾಗ

ಆದ್ರೆ ಹಂಚಿ ಇಟ್ರೆ ಸಾಕು ಅನ್ನೋದೂ ಪೂರ್ತಿ ನಿಜ ಅಲ್ಲ. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೀದರ್, ಕಲಬುರಗಿ ಕಡೆ ಸುರಿದ ಮಳೆ ನೆನಪಿದೆಯಲ್ಲ. ಆ ಮಳೆಗೆ ಹೆಸರು ಬೇರೆ, ಉದ್ದು ಬೇರೆ, ಸೋಯಾ ಬೇರೆ ಅಂತ ಇರಲಿಲ್ಲ. ನಿಂತ ನೀರಿನಲ್ಲಿ ತೊಗರಿಯೂ ಕೊಳೀತು. ಒಳ್ಳೆ ದಿನಗಳಲ್ಲಿ ಬೇರೆ ಬೇರೆ ಕಾಣೋ ವಸ್ತುಗಳು ಕೆಟ್ಟ ದಿನದಲ್ಲಿ ಒಟ್ಟಿಗೆ ಬೀಳ್ತವೆ. ಪುಸ್ತಕದಲ್ಲಿ ಇದಕ್ಕೆ ಕೋರಿಲೇಶನ್ ಏರೋದು ಅಂತಾರೆ.

ಇದು ನಮ್ಮ ರೈತರಿಗೆ ಮಾತ್ರ ಆಗಿದ್ದಲ್ಲ. ಅಮೆರಿಕದಲ್ಲಿ ಲಾಂಗ್ ಟರ್ಮ್ ಕ್ಯಾಪಿಟಲ್ ಮ್ಯಾನೇಜ್‌ಮೆಂಟ್ ಅಂತ ಒಂದು ಫಂಡ್ ಇತ್ತು. ಅದರ ಪಾಲುದಾರರಲ್ಲಿ ಇಬ್ಬರು, ಮೈರನ್ ಶೋಲ್ಸ್ ಮತ್ತು ರಾಬರ್ಟ್ ಮರ್ಟನ್, 1997ರಲ್ಲಿ ನೊಬೆಲ್ ಪಡೆದರು, ಅದೂ ಆಪ್ಶನ್ ಬೆಲೆ ಕಟ್ಟೋ ಸಿದ್ಧಾಂತಕ್ಕೆ. ಮರುವರ್ಷ, 1998ರ ಆಗಸ್ಟ್‌ನಲ್ಲಿ ರಷ್ಯಾ ಸಾಲ ತೀರಿಸೋದು ನಿಲ್ಲಿಸಿತು. ಒಂದಕ್ಕೊಂದು ಸಂಬಂಧವೇ ಇಲ್ಲ ಅಂದ್ಕೊಂಡಿದ್ದ ಅವರ ಹೂಡಿಕೆಗಳು ಒಟ್ಟಿಗೆ ಕುಸಿದವು. ಮೇಲಿಂದ ಮೇಲೆ ಸಾಲ ತಂದು ಹಾಕಿದ್ದರು. ಕೊನೆಗೆ 14 ಬ್ಯಾಂಕುಗಳು ಸೇರಿ 360 ಕೋಟಿ ಡಾಲರ್‌ಗೂ ಹೆಚ್ಚು ಹಾಕಿ ಅದನ್ನ ಹಿಡಿದು ನಿಲ್ಲಿಸಬೇಕಾಯ್ತು. ನೊಬೆಲ್ ಪಡೆದವರಿಗೇ ಹೀಗಾಯ್ತು ಅಂದ ಮೇಲೆ, "ನನ್ನ ಸ್ಟ್ರಾಟಜಿ ಫೇಲ್ ಆಗೋದೇ ಇಲ್ಲ" ಅಂತ ಯಾರಾದ್ರೂ ರೀಲ್‌ನಲ್ಲಿ ಹೇಳಿದ್ರೆ ನಂಬ್ತೀರಾ?

ಪುಸ್ತಕಕ್ಕೂ ನಮ್ಮ ಊರಿಗೂ ನಡುವೆ ಇನ್ನೂ ಕಂದಕಗಳಿವೆ. ರೈತ ತನ್ನ ಬೆಲೆ ರಿಸ್ಕ್ ಅನ್ನು ಫ್ಯೂಚರ್ಸ್‌ನಲ್ಲಿ ಹೆಡ್ಜ್ ಮಾಡಬಹುದು ಅಂತ ಪುಸ್ತಕ ಹೇಳ್ತದೆ. ಆದ್ರೆ ಸೋಯಾ ಫ್ಯೂಚರ್ಸ್ ವಹಿವಾಟನ್ನ ಸೆಬಿ 2021ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು, ಆಮೇಲೆ ಆ ತಡೆಯನ್ನ ಮತ್ತೆ ಮತ್ತೆ ವಿಸ್ತರಿಸ್ತಾ ಬಂತು. ತೊಗರಿ, ಉದ್ದಿನ ಫ್ಯೂಚರ್ಸ್ 2007ರಲ್ಲೇ ನಿಂತವು.

ಬೆಳೆ ವಿಮೆ ನೋಡಿ. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗೆ ರೈತ ಕಟ್ಟೋದು ವಿಮಾ ಮೊತ್ತದ 2 ಪರ್ಸೆಂಟ್, ಹಿಂಗಾರಿಗೆ 1.5 ಪರ್ಸೆಂಟ್. ಅಗ್ಗ. ಆದ್ರೆ ಮುಖ್ಯ ಬೆಳೆಗಳಿಗೆ ಇಳುವರಿ ಅಳೆಯೋದು ಗ್ರಾಮ ಪಂಚಾಯ್ತಿ ಲೆಕ್ಕದಲ್ಲಿ. ನಿಮ್ಮ ಹೊಲ ಹೋಗಿ ಪಂಚಾಯ್ತಿಯ ಸರಾಸರಿ ಚಲೋ ಇದ್ರೆ, ಆ ಲೆಕ್ಕದಲ್ಲಿ ನಿಮಗೆ ರೊಕ್ಕ ಬರಲ್ಲ. ಇದಕ್ಕೆ ಬೇಸಿಸ್ ರಿಸ್ಕ್ ಅಂತಾರೆ. ಹೊಲಕ್ಕೆ ನೀರು ನುಗ್ಗಿ ನಿಂತ್ರೆ, ಆಲಿಕಲ್ಲು ಬಿದ್ರೆ ಅದು ಬೇರೆ ದಾರಿ: 72 ಗಂಟೆಯೊಳಗೆ ತಿಳಿಸಬೇಕು. ನಮ್ಮೂರಿನಲ್ಲಿ ಎಷ್ಟೋ ಜನ ತಿಳಿಸೋದೇ ಒಂದು ವಾರಕ್ಕೆ. ಫೈನಾನ್ಸ್ ಓದಿದ ಒಬ್ಬ ಹುಡುಗ ಅಥವಾ ಹುಡುಗಿ ಊರಿನಲ್ಲಿ ಇದ್ದು, ಆ 72 ಗಂಟೆ ನೆನಪಿಸಿದ್ರೆ ಅದೇ ದೊಡ್ಡ ಕೆಲಸ ರೀ.

ಮನೆಯಲ್ಲಿ ಮಾಡೋ ಕೆಲಸವೂ ಇದೆ. ಅವ್ವ ಠೇವಣಿ ಎಲ್ಲಿ ಇಟ್ಟಿದ್ದಾಳೆ ನೋಡಿ. ಬ್ಯಾಂಕ್ ಆದ್ರೆ, ಡಿ.ಸಿ.ಸಿ. ಬ್ಯಾಂಕ್ ಥರದ ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು-ಬಡ್ಡಿ ಸೇರಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ, 2020ರ ಫೆಬ್ರುವರಿಯಿಂದ. ಅದಕ್ಕೂ ಮೊದಲು ಒಂದೇ ಲಕ್ಷ ಇತ್ತು. ಸೌಹಾರ್ದ ಸೊಸೈಟಿಗಳಿಗೆ, ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲ. ಅಲ್ಲಿ ಒಂದು-ಒಂದೂವರೆ ಪರ್ಸೆಂಟ್ ಬಡ್ಡಿ ಯಾಕೆ ಹೆಚ್ಚು ಕೊಡ್ತಾರೆ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ. ಅಲ್ಲಿ ಇಡಲೇಬಾರದು ಅಂತಲ್ಲ, ಗೊತ್ತಿದ್ದು ಇಡಬೇಕು.

ಹಾಗಾದ್ರೆ ಏನು ಓದಬೇಕು, ಎಲ್ಲಿ?

ಈಗ ನಮ್ಮ ಹುಡುಗನ ಪ್ರಶ್ನೆ. ಫೈನಾನ್ಸ್ ಅಂದ್ರೆ ಮುಂಬೈಯವರ ವಿಷಯ ಅನ್ನೋ ಭಾವನೆ ಮೊದಲು ಬಿಡ್ರಿ. ನಮ್ಮ ಪಕ್ಕದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿ ಆಗಿದ್ದರು, ರಾಜ್ಯದ ಖಜಾನೆಯ ಲೆಕ್ಕ ಇಲ್ಲೇ ನಡೀತಿತ್ತು.

ಎಂ.ಕಾಂ., ಎಂ.ಬಿ.ಎ. ಎರಡೂ ಕಲಬುರಗಿಯಲ್ಲಿ 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿವೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅಲ್ಲಿಗೆ ಸಿ.ಯು.ಇ.ಟಿ. ಪರೀಕ್ಷೆ ಬರೀಬೇಕು. ರಾಜ್ಯದ ಎಂ.ಬಿ.ಎ. ಸೀಟಿಗೆ ಪಿ.ಜಿ.ಸಿ.ಇ.ಟಿ. ನಮ್ಮ ಜಿಲ್ಲೆಗೇ 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಬಂತು. ಯಾವ ಕೋರ್ಸ್, ಎಷ್ಟು ಸೀಟು ಅಂತ ಆಯಾ ವರ್ಷದ ಪ್ರಕಟಣೆ ನೋಡಿ ಅರ್ಜಿ ಹಾಕಿ.

ಎಂ.ಕಾಂ. ಪಾಠ ಮಾಡೋಕೆ, ಅಕೌಂಟ್ಸ್‌ಗೆ, ಸಂಶೋಧನೆಗೆ ದಾರಿ. ಎಂ.ಬಿ.ಎ. ಫೈನಾನ್ಸ್ ಕಂಪನಿ, ಬ್ಯಾಂಕ್ ಕಡೆ. ಲೆಕ್ಕಪತ್ರ ಇಷ್ಟ ಇದ್ದವರು ಬಿ.ಕಾಂ.ನಲ್ಲಿ 55 ಪರ್ಸೆಂಟ್ ಇದ್ರೆ ಸಿ.ಎ. ಇಂಟರ್‌ಮೀಡಿಯೆಟ್‌ಗೇ ನೇರವಾಗಿ ಹೋಗಬಹುದು. ಹೂಡಿಕೆ ವಿಶ್ಲೇಷಣೆಗೆ ಸಿ.ಎಫ್.ಎ., ಮೂರು ಹಂತ. ರಿಸ್ಕ್‌ಗೇ ಮೀಸಲಾದದ್ದು ಎಫ್.ಆರ್.ಎಂ., ಎರಡು ಪರೀಕ್ಷೆ, ಜೊತೆಗೆ ಎರಡು ವರ್ಷ ಕೆಲಸದ ಅನುಭವ. ಗಣಿತ ಗಟ್ಟಿ ಇದ್ದವರಿಗೆ ವಿಮಾ ಲೆಕ್ಕದ ಆಕ್ಚುವರಿ ದಾರಿ ಇದೆ. ಸಿ.ಎಫ್.ಎ., ಎಫ್.ಆರ್.ಎಂ. ಫೀಸು ಡಾಲರ್‌ನಲ್ಲಿ, ಅದನ್ನ ನೌಕರಿ ಸಿಕ್ಕ ಮೇಲೆ ಮಾಡಿದ್ರೂ ನಡೀತದೆ.

ಖರ್ಚಿಲ್ಲದೆ ಶುರು ಮಾಡೋಕೆ ಒಂದು ಬಾಗಿಲು ಇದೆ. ಸೆಬಿ 2006ರಲ್ಲಿ ಸ್ಥಾಪಿಸಿದ ಎನ್.ಐ.ಎಸ್.ಎಂ. ಸಂಸ್ಥೆ ನಡೆಸೋ ಹೂಡಿಕೆದಾರರ ಪ್ರಮಾಣಪತ್ರ ಪರೀಕ್ಷೆಗೆ ಫೀಸಿಲ್ಲ. ಓದೋ ಪುಸ್ತಕವೂ ಉಚಿತ. 35 ಸಾವಿರ ಕಟ್ಟೋ ಮೊದಲು ಶೂನ್ಯ ರೂಪಾಯಿಯದ್ದನ್ನ ಓದಿ ಮುಗಿಸಿ. ಯಾರಾದ್ರೂ ಯಾವ ಷೇರು ತಗೋಬೇಕು ಅಂತ ದುಡ್ಡು ತಗೊಂಡು ಹೇಳ್ತಿದ್ರೆ, ಅವರ ನೋಂದಣಿ ನಂಬರ್ ಕೇಳಿ ಸೆಬಿ ವೆಬ್‌ಸೈಟಿನಲ್ಲಿ ನೋಡಿ. ನಂಬರ್ ಇಲ್ಲ ಅಂದ್ರೆ ಮಾತು ಮುಗೀತು.

ಡಿಗ್ರಿ ಆದ ತಕ್ಷಣ ದೊಡ್ಡ ಸಂಬಳ ಅಂತ ನಾನು ಹೇಳೋದಿಲ್ಲ. ಹದಿನೈದು ಸಾವಿರದ ನೌಕರಿ ಬಗ್ಗೆ ಅವನ ಭಯ ಸುಳ್ಳಲ್ಲ, ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಆದ್ರೆ ಎರಡು ವರ್ಷ ಓದಿ ಆ ಹದಿನೈದು ಸಾವಿರ ಸಿಕ್ಕರೆ ಅದು ಕೆಳಗಿನ ಮೆಟ್ಟಿಲು. ಆರು ತಿಂಗಳ ಟ್ರೇಡಿಂಗ್‌ಗೆ ಕೆಳಗಿನ ಮೆಟ್ಟಿಲು ಅಂತ ಇರೋದಿಲ್ಲ, ಹಾಕಿದ್ದೆಲ್ಲ ಹೋಗಬಹುದು.

ಮೂರು ಸಾಲಿನ ಹಾಳಿ

ಅವನಿಗೆ ನಾನು "ಕಟ್ಟಬೇಡ" ಅಂತ ಹೇಳಲಿಲ್ಲ. ಆ ವಯಸ್ಸಿನಲ್ಲಿ ನನಗೆ ಯಾರಾದ್ರೂ ಹಾಗಂದಿದ್ರೆ ಅದೇ ರಾತ್ರಿ ಕಟ್ಟಿರ್ತಿದ್ದೆ. ಒಂದು ಹಾಳಿ ತಗೊಂಡು ಮೂರು ಸಾಲು ಬರಿ ಅಂದೆ. ಒಂದು: ಕೋರ್ಸ್ ಫೀಸು, ಟ್ರೇಡಿಂಗ್ ಬಂಡವಾಳ ಸೇರಿ ಒಟ್ಟು ಎಷ್ಟು ಹಾಕ್ತಿ? ಎರಡು: ಅಷ್ಟೂ ಹೋದ್ರೆ ಮನೆಯಲ್ಲಿ ಯಾರ ಯಾವ ಕೆಲಸ ನಿಲ್ತದೆ? ಹೆಸರು ಹಾಕಿ ಬರಿ. ಮೂರು: ಅದನ್ನ ದುಡಿದು ತುಂಬೋಕೆ ಎಷ್ಟು ತಿಂಗಳು ಬೇಕು?

ಶನಿವಾರ ರಾತ್ರಿ ಹಾಳಿಯ ಫೋಟೊ ಕಳಿಸಿದ. ಒಂದನೇ ಸಾಲು: 85 ಸಾವಿರ. ಮೂರನೇ ಸಾಲು: 14 ತಿಂಗಳು. ಎರಡನೇ ಸಾಲಿನಲ್ಲಿ ಎರಡೇ ಮಾತು ಇತ್ತು: "ಅವ್ವ, ಕಣ್ಣಿನ ಆಪರೇಶನ್."

ಐತವಾರ ದಾಟ್ತು. ಸೋಮವಾರ ಫೋನ್ ಮಾಡಿ, "ಅಣ್ಣಾ, ಪಿ.ಜಿ.ಸಿ.ಇ.ಟಿ. ಹಳೆ ಪೇಪರ್ ಅವನೇನು ನಿಮ್ಮ ಹತ್ರ?" ಅಂತ ಕೇಳಿದ. ಹುಡುಕಿ ಕಳಿಸಿದ್ದೀನಿ. ಷೇರು ಮಾರ್ಕೆಟ್ ಬಗ್ಗೆ ಅವನ ಆಸೆ ಹೋಗಿಲ್ಲ, ಹೋಗಬೇಕಾಗೂ ಇಲ್ಲ. ನಾನೂ ಈಗ ತಿಂಗಳಿಗೆ ಎರಡು ಸಾವಿರ ಇಂಡೆಕ್ಸ್ ಫಂಡ್‌ಗೆ ಹಾಕ್ತೀನಿ, ಹತ್ತು ವರ್ಷ ಮುಟ್ಟದ ರೊಕ್ಕ ಅದು. ತಂಗಿಯ 60 ಸಾವಿರ ಎರಡು ವರ್ಷದಲ್ಲಿ ತುಂಬಿದೆ. ಅವಳು ಒಂದು ವರ್ಷ ತಡವಾಗಿ ಬಿ.ಇಡಿ. ಮುಗಿಸಿ ಈಗ ಶಾಲೆಯಲ್ಲಿ ಗಣಿತ ಹೇಳ್ತಾಳೆ. ಈ ಎಪಿಸೋಡ್ ರೆಕಾರ್ಡ್ ಮಾಡೋ ಮೊದಲು ಅವಳನ್ನ ಕೇಳಿದೆ, ಹೇಳಬಹುದಾ ಅಂತ. "ಹೇಳು, ಅಂಕಿ ಮಾತ್ರ ಸರಿಯಾಗಿ ಹೇಳು" ಅಂದಳು.

ನೀವೂ ನಿಮ್ಮ ಮೂರು ಸಾಲಿನ ಹಾಳಿ ಬರೀರಿ. ನನಗೆ ಕಳಿಸೋದು ಬೇಡ, ಮನೆಯಲ್ಲಿ ಒಬ್ಬರಿಗಾದ್ರೂ ತೋರಿಸ್ರಿ. ಮುಂದಿನ ಎಪಿಸೋಡ್‌ನಲ್ಲಿ ಬೆಳೆ ವಿಮೆ ಅರ್ಜಿಯನ್ನ ಒಂದೊಂದು ಕಲಂ ಓದಿ ಅರ್ಥ ಮಾಡ್ಕೊಳ್ಳೋಣ, ಅಪ್ಪನೂ ಬರ್ತೀನಿ ಅಂದಾರೆ.